ಟ್ರಯಲ್‌ಗೆ ಬಂದ ಬೆಳ್ಳಿ ಫ್ಲೂಟು

"ಕೀಬೋರ್ಡಿನಲ್ಲೂ ಫ್ಲೂಟಿನ ಸ್ವರ ಉಂಟಲ್ಲ, ಒಂದು ಬಟನ್ ಒತ್ತಿದರೆ ಆಯಿತು" ಎಂದರು ನಮ್ಮ ಕ್ವಾಯರ್ ಮಾಸ್ಟರು.

ಹೇಳಿದ್ದು ಮೆಲ್ಲಗೆ. ಉಳಿದವರೆಲ್ಲ ಹೋದ ಮೇಲೆ, ಕಾರ್ಕಳದ ಚರ್ಚಿನ ಪಕ್ಕದ ಹಾಲ್‌ನಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಇಡುತ್ತಾ, ನನ್ನ ಮುಖ ನೋಡದೆ ಹೇಳಿದರು. ಒಳ್ಳೆಯ ಮನುಷ್ಯ. ಕೆಟ್ಟವರು ಬೊಬ್ಬೆ ಹೊಡೆದು ಹೇಳಿದರೆ ತಿರುಗಿಸಿ ಎರಡು ಹೇಳಬಹುದು, ಒಳ್ಳೆಯವರು ಮೆಲ್ಲಗೆ ಹೇಳಿದರೆ ಎಂತ ಮಾಡುವುದು? ನಾನು ಫ್ಲೂಟಿನ ಪೆಟ್ಟಿಗೆ ಮುಚ್ಚಿ ಕೊಂಡಿ ಹಾಕಿದೆ.

ಕ್ರಿಸ್ಮಸ್‌ಗೆ ಮೊದಲು ಸುತ್ತಲಿನ ಊರುಗಳ ಹಾಡುವವರು ಸೇರಿ ಕಾರ್ಕಳದಲ್ಲಿ ಹಾಡುವುದಿತ್ತು. ಕಾಪುವಿನಿಂದ ಬಸ್ಸು ಬದಲಾಯಿಸಿಕೊಂಡು ಹೋಗುತ್ತಿದ್ದವಳು ನಾನೊಬ್ಬಳೇ. ಹಾಡಲಿಕ್ಕಲ್ಲ, ಫ್ಲೂಟ್ ಊದಲಿಕ್ಕೆ. ಬಿದಿರಿನ ಕೊಳಲಲ್ಲ, ಮೈತುಂಬ ಬೆರಳಲ್ಲಿ ಒತ್ತುವ ಕೀಲಿಗಳಿರುವ ಲೋಹದ ಫ್ಲೂಟು. "ಇದೆಂತ ಅಕ್ಕ, ಸ್ಟೀಲ್ ಪೈಪಾ?" ಎಂದು ಬಸ್ಸಿನಲ್ಲಿ ಕೇಳಿದವರಿಗೆ ಲೆಕ್ಕವಿಲ್ಲ. ಒಂದು ಹಾಡಿನ ನಡುವೆ ಎಲ್ಲರೂ ಬಾಯಿ ಮುಚ್ಚಿಕೊಂಡು ಗುನುಗುವಾಗ ನಾನೊಬ್ಬಳೇ ಒಂದು ಉದ್ದನೆಯ ಸಾಲನ್ನು ಒಂದೇ ಉಸಿರಿನಲ್ಲಿ ಊದಬೇಕು. ಮೇಲಿನಿಂದ ಶುರುವಾಗಿ ಇಳಿಯುತ್ತಾ ಇಳಿಯುತ್ತಾ ಕೊನೆಗೆ ಫ್ಲೂಟಿನ ತೀರಾ ಕೆಳಗಿನ ಸ್ವರದಲ್ಲಿ ನಿಲ್ಲುವ ಸಾಲು ಅದು. ನಡುವೆ ಉಸಿರು ಎಳೆದುಕೊಂಡರೆ ಕಿವಿಯಿದ್ದವರಿಗೆಲ್ಲ ಗೊತ್ತಾಗುತ್ತದೆ. ಆ ದಿನ ನಾನು ನಡುವೆ ಉಸಿರು ಎಳೆದುಕೊಂಡದ್ದಲ್ಲದೆ ಕೆಮ್ಮಿದೆ ಕೂಡ. ಮೇಳದ ಹಿಂದಿನ ಸಾಲಿನಿಂದ ಯಾರೋ ನೀರಿನ ಬಾಟಲಿ ಮುಂದಕ್ಕೆ ದಾಟಿಸಿದರು. ಆ ಬಾಟಲಿ ಒಬ್ಬರ ಕೈಯಿಂದ ಒಬ್ಬರ ಕೈಗೆ ಬರುತ್ತಿದ್ದಾಗ ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ಮುಂದಿನ ಪ್ರಾಕ್ಟೀಸಿನ ತನಕ ನೋಡುವ" ಎಂದು ಮಾಸ್ಟರು ಸೇರಿಸಿದರು. ಅಂದರೆ ಅಷ್ಟರಲ್ಲಿ ಸಾಲು ಮುಗಿಸಲು ಬಂದರೆ ನಾನು, ಬಾರದಿದ್ದರೆ ಬಟನ್ನು.

ನನಗೆ ಕಳೆದ ಮಳೆಗಾಲದಲ್ಲಿ ನ್ಯುಮೋನಿಯಾ ಆಗಿತ್ತು. ಆಸ್ಪತ್ರೆಯಲ್ಲಿ ಮೂಗು ಬಾಯಿಗೆ ಮಾಸ್ಕ್ ಕಟ್ಟಿಸಿಕೊಂಡು ಮಲಗಿದ್ದೆ. ಗುಣವಾಯಿತು, ಎಕ್ಸ್‌ರೇಯೂ ಚೊಕ್ಕ ಬಂತು. ಡಾಕ್ಟರು "ಎಲ್ಲ ಸರಿ ಉಂಟು, ಧೈರ್ಯದಲ್ಲಿ ಇರಿ" ಎಂದರು. ಆದರೆ ಮನೆಗೆ ಬಂದು ಫ್ಲೂಟ್ ತೆಗೆದಾಗ, ಮೊದಲು ಸಲೀಸಾಗಿ ಮುಗಿಯುತ್ತಿದ್ದ ಸಾಲುಗಳೆಲ್ಲ ಅರ್ಧದಲ್ಲೇ ಕುಸಿದವು. ಕೆಳಗಿನ ಸ್ವರ ಬರುವುದೇ ಇಲ್ಲ, ಬರೀ ಗಾಳಿ. ಯಾರ ದೋಷ? ನನ್ನ ಎದೆಯದ್ದೋ, ಫ್ಲೂಟಿನದ್ದೋ?

ಫ್ಲೂಟಿಗೂ ವಯಸ್ಸಾಗಿತ್ತು. ದುಬೈಯಲ್ಲಿದ್ದ ಅಣ್ಣ ನಾನು ಮದುವೆಯಾಗುವ ಮೊದಲು ತಂದುಕೊಟ್ಟದ್ದು, ಕಲಿಯುವ ಮಕ್ಕಳಿಗೆಂದು ಮಾಡುವ ಸ್ಟೂಡೆಂಟ್ ಮಾಡೆಲ್. ಮೇಲಿನ ನಿಕ್ಕಲ್ ಹೊಳಪು ಬೆರಳು ತಾಗುವಲ್ಲೆಲ್ಲ ಎದ್ದುಹೋಗಿ ಅಡಿಯ ಹಳದಿ ಹಿತ್ತಾಳೆ ಕಾಣುತ್ತಿತ್ತು. ನಮ್ಮ ಮನೆಯಿಂದ ಕಡಲು ದೂರವಿಲ್ಲ. ಉಪ್ಪುಗಾಳಿಗೆ ಕಿಟಕಿಯ ಸರಳೇ ತಡೆಯುವುದಿಲ್ಲ, ಅದರ ಸಣ್ಣ ಸ್ಪ್ರಿಂಗುಗಳು ಎಲ್ಲಿ ತಡೆಯುತ್ತವೆ? ಒಂದು ಕೀಲಿಗೆ ರಬ್ಬರ್ ಬ್ಯಾಂಡ್ ಸುತ್ತಿ ನಡೆಸುತ್ತಿದ್ದೆ. ಕೀಲಿಗಳ ಅಡಿಯಲ್ಲಿ ತೂತು ಮುಚ್ಚಲು ಮೆತ್ತನೆಯ ಪ್ಯಾಡುಗಳಿರುತ್ತವೆ, ಉಣ್ಣೆಯ ಬಿಲ್ಲೆಯ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಪೊರೆ. ಅವು ಸವೆದರೆ ಗಾಳಿ ಸೋರುತ್ತದೆ, ಸೋರಿದಷ್ಟೂ ಊದುವವರು ಹೆಚ್ಚು ಊದಬೇಕು. ಇದೆಲ್ಲ ನನಗೆ ಗೊತ್ತು.

ಗೊತ್ತಿದ್ದೂ ಹೊಸ ಫ್ಲೂಟ್ ಕೊಳ್ಳಲು ನಾನು ಹೋಗಿರಲಿಲ್ಲ. ಯಾಕೆಂದರೆ ಹೆದರಿಕೆ, ಮತ್ತೆಂತದ್ದೂ ಅಲ್ಲ. ಹಳೆಯದು ಕೈಯಲ್ಲಿರುವ ತನಕ "ಈ ದರಿದ್ರ ಫ್ಲೂಟು" ಎಂದು ಬೈಯಬಹುದಿತ್ತು. ಒಳ್ಳೆಯ ಫ್ಲೂಟಿನಲ್ಲೂ ಆ ಸಾಲು ಮುಗಿಯದಿದ್ದರೆ? ಆಗ ಯಾರನ್ನು ಬೈಯುವುದು? ಆಗ ನನ್ನ ಉಸಿರು ಹೋಯಿತು, ನನ್ನ ಊದುವಿಕೆ ಮುಗಿಯಿತು ಎಂದು ಒಪ್ಪಿಕೊಳ್ಳಬೇಕು. ಆ ಬಟನ್ನಿನ ಮಾತು ಕೇಳದಿದ್ದರೆ ನಾನು ಇನ್ನೂ ಹಾಗೇ ದೂಡುತ್ತಿದ್ದೆ.

ಮನೆಗೆ ಬಂದು ಇವರಿಗೆ ಹೇಳಿದೆ. ನನ್ನ ಗಂಡ ಕಾಪುವಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಪಕ್ಕದ ಕೋಣೆಯಲ್ಲಿ ನಾನು ಬ್ಲೌಸ್ ಹೊಲಿಯುತ್ತೇನೆ. ಇವರಿಗೆ ಸಂಗೀತ ಗೊತ್ತಿಲ್ಲ. ಹಾಡು ಮುಗಿದದ್ದು ಜನ ಎದ್ದು ನಿಂತಾಗಲೇ ಗೊತ್ತಾಗುವುದು.

"ತೆಗೆದುಕೊಳ್ಳುವ" ಎಂದರು ತಟ್ಟನೆ. ಆಮೇಲೆ ಯೋಚಿಸಿ, "ಆದರೆ ನೋಡಿ ತೆಗೆದುಕೊಳ್ಳಬೇಕು. ಟೋಪಿ ಹಾಕುವವರು ತುಂಬ ಜನ ಇದ್ದಾರೆ" ಎಂದರು. ಇವರು ಎಳನೀರನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ತೆಗೆದುಕೊಳ್ಳುವ ಜಾತಿ.

ಉಡುಪಿಯ ಒಂದು ವಾದ್ಯದಂಗಡಿಗೆ ಹೋದೆವು. ಗಿಟಾರು, ಕೀಬೋರ್ಡು, ತಬಲ, ಎಲ್ಲ ಇತ್ತು. ಫ್ಲೂಟ್ ಕೇಳಿದರೆ ಹುಡುಗ ಮೇಲಿನ ಕಪಾಟಿನಿಂದ ಧೂಳು ಹಿಡಿದ ಪೆಟ್ಟಿಗೆ ಇಳಿಸಿದ. ತೆರೆದು ನೋಡಿದರೆ ಅಣ್ಣ ತಂದದ್ದರ ತಮ್ಮ! ಅದೇ ನಿಕ್ಕಲ್, ಅದೇ ಸಡಿಲ ಕೀಲಿ. "ಇದು ಬೆಸ್ಟ್ ಮೇಡಂ" ಎಂದ. ನಾನು ಕೀಲಿ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ ತೋರಿಸಿದೆ, ಹಲ್ಲು ಬೀಳುವ ಮಗುವಿನ ಬಾಯಿಯ ಹಾಗೆ ಅಲುಗುತ್ತಿತ್ತು. ಹಾಗಾದರೆ ಆನ್‌ಲೈನ್‌ನಲ್ಲಿ ನೋಡುವ ಎಂದರೆ ಅಲ್ಲಿ ಬಂಗಾರ ಬಣ್ಣದ್ದು, ನೀಲಿ ಬಣ್ಣದ್ದು, ನೇರಳೆಯದ್ದು. ಮದುಮಗಳ ಬಳೆಯಂಗಡಿಯೇ. ಊದಿ ನೋಡದೆ ಫ್ಲೂಟ್ ತೆಗೆದುಕೊಳ್ಳುವುದು, ಅಳತೆ ಕೊಡದೆ ಬ್ಲೌಸ್ ಹೊಲಿಸುವುದು, ಎರಡೂ ಒಂದೇ. ನಾನು ಮೊಬೈಲ್ ಬದಿಗಿಟ್ಟೆ.

ಆ ವಾರವೇ ನಮ್ಮ ಮೇಳದ ಹುಡುಗಿಯೊಬ್ಬಳು ಸಂದೇಶ ಕಳಿಸಿದಳು: ಮಣಿಪಾಲದಲ್ಲಿ ಕಣ್ಣಿನ ಡಾಕ್ಟರ್ ಓದುವ ಒಬ್ಬಳ ಹತ್ತಿರ ಎರಡು ಫ್ಲೂಟ್ ಉಂಟಂತೆ, ಓದು ಮುಗಿಸಿ ಊರಿಗೆ ಹೋಗುವ ಮೊದಲು ಒಂದನ್ನು ಮಾರುತ್ತಾಳಂತೆ, ಬೆಳ್ಳಿಯದ್ದಂತೆ.

ಧಾರವಾಡ ಕಡೆಯ ಹುಡುಗಿ. ಮಣಿಪಾಲದ ಇಳಿಜಾರಿನಲ್ಲಿ ಒಂದು ಫ್ಲ್ಯಾಟು, ಒಳಗೆ ಪುಸ್ತಕದ ರಾಶಿ, ಕಟ್ಟಿಟ್ಟ ರಟ್ಟಿನ ಪೆಟ್ಟಿಗೆಗಳು. "ಬರ್ರಿ ಆಂಟಿ, ಬರ್ರಿ ಅಂಕಲ್, ಕೂಡ್ರಿ" ಎಂದು ಹಾಸಿಗೆಯ ಮೇಲಿನ ಬಟ್ಟೆ ಸರಿಸಿ ಜಾಗ ಮಾಡಿದಳು. ಫ್ಲೂಟ್ ತೆಗೆದು ನನ್ನ ಕೈಗೆ ಕೊಟ್ಟಳು. ಅಯ್ಯೋ, ಅದರ ತೂಕವೇ ಬೇರೆ! ತಣ್ಣಗೆ, ಗಟ್ಟಿಯಾಗಿ, ಮೂರು ತುಂಡುಗಳೂ ಸ್ವಲ್ಪ ತಿರುಗಿಸಿದರೆ ಮೆಲ್ಲಗೆ ಒಂದರೊಳಗೊಂದು ಕೂರುತ್ತಿದ್ದವು. ಕೀಲಿಗಳಲ್ಲಿ ಒಂದಿಷ್ಟೂ ಸಡಿಲವಿಲ್ಲ. ತುಟಿ ತಾಗುವ ಜಾಗ ಪೂರ್ತಿ ಬೆಳ್ಳಿ, ಉಳಿದ ಮೈಗೆ ಬೆಳ್ಳಿಯ ಲೇಪ. ಅವಳೇ ಮುಚ್ಚುಮರೆಯಿಲ್ಲದೆ ಹೇಳಿದಳು. "ಪೂರ್ತಿ ಬೆಳ್ಳಿದು ನಾನು ಇಟ್ಕೋತೀನ್ರಿ ಆಂಟಿ, ಅದು ನಮ್ಮಪ್ಪ ಕೊಡಿಸಿದ್ದು. ಇದು ಲೇಪದ್ದು, ಆದ್ರ ದನಿ ಛಲೋ ಐತ್ರಿ" ಎಂದಳು. ಇವರು ಆಗ ಬಾಲ್ಕನಿಯಲ್ಲಿ ನಿಂತು ಕೆಳಗಿನ ಮನೆಯ ಪಂಪಿನ ಶಬ್ದಕ್ಕೆ ಕಿವಿ ಕೊಟ್ಟಿದ್ದರು.

ಬಚ್ಚಲುಮನೆಯ ದೀಪ ಆರಿಸಿ, ಫ್ಲೂಟಿನ ಒಳಗೆ ಸಣ್ಣ ಬಲ್ಬಿನ ಸರ ಇಳಿಸಿ, ಒಂದೊಂದೇ ಕೀಲಿ ಮುಚ್ಚಿ ತೋರಿಸಿದಳು. ಪ್ಯಾಡು ಸರಿಯಾಗಿ ಕೂರದಿದ್ದರೆ ಅಂಚಿನಲ್ಲಿ ಬೆಳಕಿನ ಗೆರೆ ಕಾಣಬೇಕು. ಎಲ್ಲೂ ಕಾಣಲಿಲ್ಲ. ಕತ್ತಲೆಯಲ್ಲಿ ನಾವಿಬ್ಬರು ಬಕೆಟ್ಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಮುಚ್ಚುವುದು, ತೆರೆಯುವುದು. ಹೊರಗಿನಿಂದ ಇವರು "ಎಂತ ಆಯಿತು?" ಎಂದು ಬಾಗಿಲು ಬಡಿದರು.

"ಊದ್ರಿ ಆಂಟಿ" ಎಂದಳು ಅವಳು.

ನಾನು ನಡುವಿನ ಕೆಲವು ಸ್ವರ ಊದಿದೆ, ಸಣ್ಣ ಸಣ್ಣ ತುಂಡುಗಳಲ್ಲಿ. ದನಿ ತುಪ್ಪದ ಹಾಗೆ ಇತ್ತು. ಆ ಸಾಲು ಊದಿ ನೋಡಬೇಕಿತ್ತು, ಅಲ್ಲೇ, ಆಗಲೇ. ಊದಲಿಲ್ಲ. ಗುರುತಿಲ್ಲದ ಮನೆಯಲ್ಲಿ, ಡಾಕ್ಟರ್ ಹುಡುಗಿಯ ಎದುರು ಕೆಮ್ಮಿ ಅರ್ಧಕ್ಕೆ ನಿಲ್ಲಿಸುವ ಧೈರ್ಯ ನನಗೆ ಬರಲಿಲ್ಲ. "ಗಂಟಲು ಸ್ವಲ್ಪ ಸರಿ ಇಲ್ಲ" ಎಂದು ಸುಳ್ಳು ಹೇಳಿದೆ.

"ಒಂದ್ ವಾರ ಮನ್ಯಾಗ ಇಟ್ಕೊಂಡ್ ನೋಡ್ರಿ. ಟ್ರಯಲ್ ಮಾಡದ ಫ್ಲೂಟ್ ತಗೋಬಾರ್ದು" ಎಂದು ಪೆಟ್ಟಿಗೆಗೆ ಹಾಕಿ ಕೊಟ್ಟೇಬಿಟ್ಟಳು. ಊರು ಕೇಳಲಿಲ್ಲ, ಗುರುತು ಕೇಳಲಿಲ್ಲ. ಇಂಥ ನಂಬಿಕೆ ಕಂಡರೆ ನನಗೆ ಇನ್ನಷ್ಟು ಮಂಡೆಬಿಸಿ. ಇನ್ನೊಬ್ಬರ ವಸ್ತು, ಗೀರು ಬಿದ್ದರೆ? ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದೆ.

ಮರುದಿನ ಹೊತ್ತಾರೆ ಊದುವುದೆಂದು ನಿಶ್ಚಯಿಸಿದ್ದೆ. ಊದಲಿಲ್ಲ. ಒಂದು ಮದುವೆಯ ಬ್ಲೌಸುಗಳಿದ್ದವು, ಅವನ್ನು ಮುಗಿಸಬೇಕು ಎಂದುಕೊಂಡೆ. ಬಟನ್ ಹೊಲಿದೆ, ಹುಕ್ಕು ಹೊಲಿದೆ, ಹೊಲಿಯಬೇಕಾಗಿಲ್ಲದ್ದನ್ನೂ ಹೊಲಿದೆ. ಕಪಾಟಿನ ಮೇಲಿನ ಆ ಪೆಟ್ಟಿಗೆಯ ಕಡೆ ಕಣ್ಣು ಹೋದಾಗಲೆಲ್ಲ ಸೂಜಿಗೆ ಇನ್ನೊಂದು ನೂಲು ಪೋಣಿಸುತ್ತಿದ್ದೆ. ಅದರ ಮಾರನೆಯ ದಿನ ಶಂಕರಪುರದ ತವರಿಗೆ ಹೋಗಬೇಕಾಯಿತು. ಅತ್ತಿಗೆಗೆ ಜ್ವರ, ಮಲ್ಲಿಗೆ ಕಟ್ಟಲು ಕೈ ಬೇಕಿತ್ತು. ಸತ್ಯ ಹೇಳಬೇಕೆಂದರೆ ನಾನು ಖುಷಿಯಲ್ಲೇ ಹೋದೆ, ಇನ್ನೊಂದು ದಿನ ತಪ್ಪಿಸಿಕೊಂಡೆನಲ್ಲ ಎಂದು. ಬಾಳೆನಾರಿನಲ್ಲಿ ಮೊಗ್ಗು ಕಟ್ಟುತ್ತಾ ಕೂತಾಗಲೂ ಬೆರಳುಗಳು ಆ ಸಾಲಿನ ಸ್ವರಗಳನ್ನೇ ಹಿಡಿಯುತ್ತಿದ್ದವು. "ಎಂತ ಮಾರಾಯ್ತಿ, ಮೊಗ್ಗಿನಲ್ಲೂ ಫ್ಲೂಟ್ ಊದುತ್ತಾ ಇದ್ದಿ?" ಎಂದು ಅತ್ತಿಗೆ ಮಲಗಿದಲ್ಲಿಂದಲೇ ನಗಾಡಿದಳು.

ಸಂಜೆ ಮನೆಗೆ ಬಂದವಳು ಕಾಲು ತೊಳೆದು, ಬಾಗಿಲು ಹಾಕಿಕೊಂಡು, ಪೆಟ್ಟಿಗೆ ತೆರೆದೆ. ಫ್ಲೂಟು ಫಳಫಳ ಹೊಳೆಯುತ್ತಿತ್ತು, ಮೊದಲಿಗಿಂತಲೂ ಹೆಚ್ಚು.

"ನೀವು ಮುಟ್ಟಿದಿರಾ?" ಎಂದು ಒಳಗಿನಿಂದಲೇ ಕೇಳಿದೆ.

"ಸ್ವಲ್ಪ ಒರೆಸಿಟ್ಟೆ" ಎಂದರು ಇವರು. ಅಷ್ಟೇ. ನಾನು ಅದನ್ನು ಪ್ರೀತಿ ಎಂದುಕೊಂಡೆ.

ಶಿಲುಬೆಯ ಗುರುತು ಹಾಕಿ ಉಸಿರು ಎಳೆದುಕೊಂಡೆ. ಸಾಲು ಶುರುವಾಯಿತು, ಮೊದಲ ಸ್ವರ ಬಂತು, ಎರಡನೆಯದೂ. ಇಳಿಯುವಾಗ ದನಿ ತೆಳ್ಳಗಾಯಿತು. ಇನ್ನಷ್ಟು ಊದಿದೆ. ಗಾಳಿಯ ಸುಯ್‌ಸುಯ್ ಕೇಳಿಸಿತು, ಕೆಳಗಿನ ಸ್ವರ ಬಾಯಿಗೇ ಬರಲಿಲ್ಲ, ಎದೆ ಖಾಲಿಯಾಯಿತು, ಕೆಮ್ಮು ಬಂತು. ಅದೇ ಜಾಗ. ಹಳೆಯ ಫ್ಲೂಟಿನಲ್ಲಿ ನಿಲ್ಲುತ್ತಿದ್ದ ಅದೇ ಜಾಗ. ಇನ್ನೊಮ್ಮೆ, ಮತ್ತೊಮ್ಮೆ, ಕೋಪದಲ್ಲಿ ಮಗದೊಮ್ಮೆ. ಬಾಗಿಲಿನ ಅಡಿಯ ಸಂದಿಯಲ್ಲಿ, ಆಚೆ ಬಂದು ನಿಂತ ಇವರ ನೆರಳು ಕಂಡಿತು. ಕದ ತಟ್ಟಲಿಲ್ಲ.

ಹಾಸಿಗೆಯ ಅಂಚಿನಲ್ಲಿ ಕೂತೆ. ಅಳು ಕೂಡ ಬರಲಿಲ್ಲ. ಒಂದು ಪ್ರಶ್ನೆಗೆ ಇಷ್ಟು ದಿನ ಉತ್ತರ ಬೇಡ ಎಂದು ಓಡಿದ್ದೆ. ಉತ್ತರ ಬಂದು ಮಡಿಲಲ್ಲಿ ಕೂತಿತ್ತು: ಫ್ಲೂಟಿನದ್ದಲ್ಲ, ನಿನ್ನದೇ.

ಆಮೇಲಿನ ದಿನಗಳು ಹೇಗಿದ್ದವೆಂದು ಕೇಳಬೇಡಿ. ಊಟಕ್ಕೆ ಕೂತರೆ ಗಂಜಿಯ ಸದ್ದು ಮಾತ್ರ. ಇವರ ಮುಖ ನೋಡಿದರೆ ಯಾರೋ ಸತ್ತ ಹಾಗೆ. ನನಗೆ ಅದಕ್ಕೂ ಸಿಟ್ಟು ಬಂತು. ಹೋದದ್ದು ನನ್ನ ಉಸಿರು, ಇವರಿಗೆ ಎಂತ ಮುಖ ಊದಿಸಿಕೊಳ್ಳುವುದು? ಒಮ್ಮೆ "ಫ್ಲೂಟು ಹೇಗುಂಟು?" ಎಂದು ಕೇಳಿದರು, ತಟ್ಟೆ ನೋಡುತ್ತಾ. "ಚೆಂದ ಉಂಟು" ಎಂದೆ, ನಾನೂ ತಟ್ಟೆ ನೋಡುತ್ತಾ. ಇವರು ಏನೋ ಹೇಳಲು ಬಾಯಿ ತೆರೆದು, ಉಪ್ಪಿನಕಾಯಿ ಹಾಕಿಕೊಂಡರು. ಹಗಲು ಇವರು ಅಂಗಡಿಯಲ್ಲಿದ್ದಾಗ ನಾನು ಕದ್ದು ಊದಿ ನೋಡುತ್ತಿದ್ದೆ. ದಿನದಿಂದ ದಿನಕ್ಕೆ ಹೆಚ್ಚು ಕೆಟ್ಟದಾಗುತ್ತಿತ್ತು. ಕೊನೆಕೊನೆಗೆ ನಡುವಿನ ಸ್ವರಗಳೂ ಒದ್ದಾಡತೊಡಗಿದವು. ಎದೆ ದಿನೇ ದಿನೇ ಕುಗ್ಗುತ್ತಿದೆ ಎಂದೇ ನಾನು ನಂಬಿದೆ. ಒಂದು ಮಧ್ಯಾಹ್ನ ಮೆಟ್ಟಿಲು ಹತ್ತುವಾಗ ನಿಜವಾಗಿಯೂ ಉಸಿರು ಕಟ್ಟಿದ ಹಾಗಾಗಿ ಗೋಡೆ ಹಿಡಿದು ನಿಂತೆ. ಹೆದರಿಕೆ ಮನುಷ್ಯರಿಗೆ ಎಂತೆಲ್ಲ ಮಾಡುತ್ತದೆ ನೋಡಿ.

ವಾರ ಮುಗಿಯಿತು. "ಇವತ್ತು ಮಣಿಪಾಲಕ್ಕೆ ಹೋಗಿ ಫ್ಲೂಟ್ ವಾಪಸು ಕೊಡುವ" ಎಂದೆ ಬೆಳಿಗ್ಗೆ. "ಅಲ್ಲಿಂದ ಕಾರ್ಕಳಕ್ಕೆ ಹೋಗಿ ಮಾಸ್ಟರಿಗೆ ಹೇಳಿ ಬರುತ್ತೇನೆ, ಆ ಸಾಲು ಕೀಬೋರ್ಡಿಗೇ ಕೊಡಿ ಎಂದು. ಫೋನಿನಲ್ಲಿ ಹೇಳಿದರೆ ನಾನು ಹೆದರಿ ಓಡಿದ ಹಾಗಾಗುತ್ತದೆ."

ಇವರು ನನ್ನನ್ನು ನೋಡಿದರು. ಆಶ್ಚರ್ಯ ಏನೆಂದರೆ, ಅವರ ಮುಖದಲ್ಲಿ ಒಂದು ಥರ ಸಮಾಧಾನ ಕಂಡಿತು. "ವಾಪಸು ಕೊಡುವುದೇ ಒಳ್ಳೆಯದು" ಎಂದುಬಿಟ್ಟರು. ಎಷ್ಟು ಉರಿಯಿತು ನನಗೆ! ಒಂದು ಸಲ "ಯಾಕೆ?" ಎಂದು ಕೇಳಬಾರದಿತ್ತೇ? ಸ್ಕೂಟರಿನಲ್ಲಿ ಮಣಿಪಾಲದ ತನಕ ನಾನು ಇವರ ಹೆಗಲು ಹಿಡಿಯಲಿಲ್ಲ, ಹಿಂದಿನ ಕಂಬಿ ಹಿಡಿದು ಕೂತೆ.

ಡಾಕ್ಟರ್ ಹುಡುಗಿ ಬಾಗಿಲು ತೆರೆದು ನಕ್ಕಳು. "ಹ್ಯಾಂಗ್ ಅನ್ನಿಸ್ತ್ರಿ ಆಂಟಿ?"

"ಫ್ಲೂಟು ಒಳ್ಳೆಯದುಂಟು ಮಗಾ. ನನ್ನಿಂದಲೇ ಆಗುವುದಿಲ್ಲ" ಎಂದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮಾತು. ಪೆಟ್ಟಿಗೆಯನ್ನು ಅವಳ ಕೈಗೆ ಕೊಟ್ಟೆ.

"ಹಂಗ್ಯಾಕ್ ಅಂತೀರಿ?" ಎನ್ನುತ್ತಾ ಅವಳು ಪೆಟ್ಟಿಗೆ ತೆರೆದು ತುಂಡುಗಳನ್ನು ಜೋಡಿಸಿ, ಸುಮ್ಮನೆ ಅಭ್ಯಾಸಬಲದಿಂದ ತುಟಿಗಿಟ್ಟು ಊದಿದಳು. ಸುಯ್ ಎಂದಿತು. ಅವಳ ಹುಬ್ಬು ಗಂಟಾಯಿತು. ಮತ್ತೆ ಊದಿದಳು. ಕೆಳಗಿನ ಸ್ವರಕ್ಕೆ ಇಳಿದಳು, ದನಿ ಬಿರಿದು ಗಾಳಿಯಾಯಿತು. ಇಪ್ಪತ್ತರ ಚಿಲ್ಲರೆ ವಯಸ್ಸಿನ ಗಟ್ಟಿಮುಟ್ಟು ಹುಡುಗಿ, ಮೂರನೆಯ ಸಲ ಕೆನ್ನೆ ಕೆಂಪಾಗುವಷ್ಟು ಊದಿದರೂ ಆ ಸ್ವರ ಬರಲಿಲ್ಲ.

ನಾನು ನಕ್ಕೆ. ತಡೆಯಲು ಆಗಲೇ ಇಲ್ಲ. ಇನ್ನೊಬ್ಬರ ಫ್ಲೂಟು ಹಾಳಾಗಿದೆ, ಅವಳ ಮುಖ ಬಾಡಿದೆ, ನಾನು ಬಾಯಿಗೆ ಸೆರಗು ಒತ್ತಿಕೊಂಡು ಹುಚ್ಚಿಯ ಹಾಗೆ ನಗುತ್ತಿದ್ದೆ. ಅವಳಿಂದಲೂ ಆಗುವುದಿಲ್ಲ! ದೇವರೇ, ಅವಳಿಂದಲೂ ಆಗುವುದಿಲ್ಲ!

"ನಗೂ ಅಂಥಾದ್ದೇನ್ ಐತ್ರಿ ಇದರಾಗ?" ಎಂದಳು ಅವಳು ಸಿಟ್ಟಿನಿಂದ. ನ್ಯಾಯವಾದ ಸಿಟ್ಟು. ಮೊಬೈಲಿನ ಬೆಳಕು ಹಾಕಿ ಕೀಲಿಗಳನ್ನು ಎತ್ತಿ ಎತ್ತಿ, ರೋಗಿಯ ಕಣ್ಣು ನೋಡುವ ಹಾಗೆ ಬಗ್ಗಿ ನೋಡಿದಳು. "ಪ್ಯಾಡ್ ಎಲ್ಲಾ ಉಬ್ಬಿ ಸುಕ್ಕಾಗ್ಯಾವಲ್ರಿ. ನೀರಾಗ ಬಿದ್ದಿತ್ತೇನ್ರಿ ಇದು?"

"ಇಲ್ಲ, ಇಲ್ಲವೇ ಇಲ್ಲ! ನಾನು ಮಗುವಿನ ಹಾಗೆ..." ಎನ್ನುತ್ತಾ ತಿರುಗಿದವಳು ಇವರನ್ನು ನೋಡಿದೆ. ಬಾಗಿಲ ಬಳಿ ನಿಂತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ನೀರಿಗೆ... ನೀರು ತಾಗಬಾರದಾ ಅದಕ್ಕೆ?" ಎಂದರು.

ಆಮೇಲೆ ಒಂದೊಂದೇ ಹೊರಬಂತು. ನಾನು ಶಂಕರಪುರಕ್ಕೆ ಹೋದ ದಿನ ಇವರು ಪೆಟ್ಟಿಗೆ ಹಿಡಿದುಕೊಂಡು ಉಡುಪಿಗೆ ಹೋಗಿದ್ದರು, ನಮ್ಮ ಮನೆಯ ಅಕ್ಕಸಾಲಿಗ ಆಚಾರಿಯ ಹತ್ತಿರ. ನಮ್ಮ ಕಡೆ ಚಿನ್ನ ಬೆಳ್ಳಿ ಯಾವುದೇ ಮನೆಗೆ ಬಂದರೂ ಮೊದಲು ತಲೆತಲಾಂತರದ ಆಚಾರಿಗೆ ತೋರಿಸದೆ ಸಮಾಧಾನವಿಲ್ಲ. ನನ್ನ ಕರಿಮಣಿಯಿಂದ ಹಿಡಿದು ಸಂಬಂಧಿಕರ ಮಕ್ಕಳ ಸೊಂಟದ ನೇವಳದ ತನಕ ಅವರ ಒರೆಗಲ್ಲು ಕಾಣದ್ದು ನಮ್ಮಲ್ಲಿಲ್ಲ. ಬೆಳ್ಳಿ ಫ್ಲೂಟು ಎಂದ ಮೇಲೆ ಅದೂ ಬೆಳ್ಳಿಯೇ ತಾನೆ? ಆಚಾರಿ ಅದರ ಒಂದು ತುದಿಯನ್ನು ಒರೆಗಲ್ಲಿಗೆ ತಿಕ್ಕಿ ನೋಡಿ, "ಮೇಲಿನಿಂದ ಮಾತ್ರ ಬೆಳ್ಳಿ, ಒಳಗೆ ಬೇರೆ ಉಂಟು" ಎಂದರಂತೆ. ಅಷ್ಟಕ್ಕೇ ಬಿಡಲಿಲ್ಲ. ಬೆಳ್ಳಿಯ ಸಾಮಾನು ತಂದವರಿಗೆ ಯಾವಾಗಲೂ ಮಾಡಿಕೊಡುವ ಹಾಗೆ, ಹಳೆಯ ಗಿರಾಕಿಯೆಂಬ ವಿಶ್ವಾಸದಿಂದ, ಅಂಟುವಾಳಕಾಯಿಯ ನೊರೆನೀರಿನಲ್ಲಿ ಇಡೀ ಫ್ಲೂಟನ್ನು ಮುಳುಗಿಸಿ, ಬ್ರಷ್ಷಿನಲ್ಲಿ ಕೀಲಿ ಕೀಲಿಯ ಸಂದು ತಿಕ್ಕಿ, ತೊಳೆದು, ಬಟ್ಟೆಯಲ್ಲಿ ಒರೆಸಿ ಕೊಟ್ಟರಂತೆ. ಕಾಲುಗೆಜ್ಜೆ ತೊಳೆದು ಕೊಡುವ ಹಾಗೆ! ಇವರು ಅದನ್ನು ಮನೆಗೆ ತಂದು ಅಂಗಳದ ಬಿಸಿಲಿನಲ್ಲಿ ಒಣಗಿಸಿ ಪೆಟ್ಟಿಗೆಗೆ ಹಾಕಿದ್ದರು.

"ಮತ್ತೆ ನನ್ನ ಹತ್ತಿರ ಯಾಕೆ ಹೇಳಲಿಲ್ಲ?" ಎಂದು ಕೂಗಿದೆ.

"ಪೂರ್ತಿ ಬೆಳ್ಳಿ ಅಲ್ಲ ಎಂದು ಗೊತ್ತಾಯಿತಲ್ಲ. ನಮಗೆ ಟೋಪಿ ಹಾಕಿದರು ಎಂದುಕೊಂಡೆ. ನೀನು ಅಷ್ಟು ಖುಷಿಯಲ್ಲಿದ್ದಿ, ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದಿ. ಹೇಗೆ ಹೇಳುದು?"

"ಅಂಕಲ್, ಲೇಪದ್ದು ಅಂತ ನಾನೇ ಹೇಳಿದ್ನಲ್ರಿ!" ಎಂದಳು ಹುಡುಗಿ.

"ಹೇಳಿದ್ದಳು! ನೀವು ಬಾಲ್ಕನಿಯಲ್ಲಿ ಪಂಪಿನ ಶಬ್ದ ಕೇಳುತ್ತಾ ಇದ್ದಿರಿ!" ಎಂದೆ ನಾನು.

ಇವರು ತಲೆ ತಗ್ಗಿಸಿ, ಫ್ಲೂಟನ್ನು ತಾವೇ ಇಟ್ಟುಕೊಳ್ಳುತ್ತೇವೆ, ಪ್ಯಾಡುಗಳನ್ನು ಎಲ್ಲಿ ಹಾಕಿಸಬೇಕೋ ಅಲ್ಲಿಗೆ ಕಳಿಸಿ ಸರಿ ಮಾಡಿಸುತ್ತೇವೆ, ಬೇಸರ ಮಾಡಬೇಡಿ ಎಂದು ಮೆಲ್ಲಗೆ ಹೇಳಿದರು. ಹುಡುಗಿಯ ಸಿಟ್ಟು ಇಳಿಯಿತು. ಅವಳು ಬೇರೆ ಬೇರೆ ಸ್ವರ ಊದಿ ನೋಡಿ ನಿಟ್ಟುಸಿರು ಬಿಟ್ಟು, "ಅಂಟುವಾಳಕಾಯಿ!" ಎಂದು ತನ್ನಲ್ಲೇ ಹೇಳಿಕೊಂಡು ನಕ್ಕಳು.

ನನ್ನ ನಗು ಮಾತ್ರ ಅಷ್ಟರಲ್ಲಿ ಪೂರ್ತಿ ಇಂಗಿಹೋಗಿತ್ತು. ಈ ಫ್ಲೂಟು ಸೋರುತ್ತಿತ್ತು, ಸರಿ. ಹಳೆಯದೂ ಸೋರುತ್ತದೆ, ಸರಿ. ಹಾಗಾದರೆ ನನ್ನ ಎದೆಯ ಸಂಗತಿ ಇನ್ನೂ ಯಾರಿಗೂ ಗೊತ್ತಿಲ್ಲ. ಮುಗಿಯಿತು ಎಂದುಕೊಂಡದ್ದು ಮುಗಿದಿಲ್ಲ, ಮತ್ತೆ ಮೊದಲಿನಿಂದ. ಈ ಪ್ಯಾಡುಗಳು ಸರಿಯಾಗಿ ಬರುವ ತನಕ ಇದೇ ಬೆಂಕಿಯಲ್ಲಿ ಕೂರಬೇಕೇ? ನನ್ನಿಂದ ಸಾಧ್ಯವಿರಲಿಲ್ಲ.

"ಮಗಾ, ನಿನ್ನದನ್ನು ಒಮ್ಮೆ ಕೊಡುತ್ತೀಯಾ? ಅಪ್ಪ ಕೊಡಿಸಿದ್ದನ್ನು?" ಎಂದೆ.

ಕೇಳಬಾರದಾಗಿತ್ತು. ಒಂದನ್ನು ಅಂಟುವಾಳದಲ್ಲಿ ಅದ್ದಿದವರು ನಾವು. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಒಳಗೆ ಹೋಗಿ ತಂದಳು. ಜೋಡಿಸಿ ತನ್ನ ಕೈಯಾರೆ ಕೊಟ್ಟಳು.

"ಒಂದು ಸಾಲು ಉಂಟು. ನಡುವೆ ನಿಂತರೆ ನೀವಿಬ್ಬರೂ ಎಂತದ್ದೂ ಹೇಳಬಾರದು" ಎಂದೆ. ಕಿಟಕಿಯ ಕಡೆ ತಿರುಗಿ ನಿಂತೆ. ನಾಲಿಗೆಯಿಂದ ತುಟಿ ಒದ್ದೆ ಮಾಡಿಕೊಂಡೆ. ಉಸಿರು ಎಳೆದೆ, ಹೊಟ್ಟೆಯ ತಳದ ತನಕ, ಬೆನ್ನಿನ ತನಕ.

ಮೊದಲ ಸ್ವರ ತಾನಾಗಿಯೇ ಹೊರಟಿತು. ಇಳಿಯುತ್ತಾ ಬಂದೆ. ನಾನು ಯಾವಾಗಲೂ ಬೀಳುವ ಆ ಜಾಗ ಹತ್ತಿರವಾಯಿತು, ಎದೆಯಲ್ಲಿ ಆ ಹಾಳು ಕೆರೆತ ಎದ್ದಿತು, ಈಗ ಕೆಮ್ಮುತ್ತೇನೆ, ಈಗ. ಕೆಮ್ಮಲಿಲ್ಲ. ಜಾಗ ದಾಟಿಹೋಯಿತು. ದಾಟಿದ್ದು ಗೊತ್ತಾಗಿ ನಾನೇ ಗಾಬರಿಯಾದೆ. ಇನ್ನೂ ಇಳಿದೆ. ಗಾಳಿ ಕಡಿಮೆಯಾಗುತ್ತಿತ್ತು, ಹೊಟ್ಟೆ ಬೆನ್ನಿಗೆ ಅಂಟುತ್ತಿತ್ತು, ಕಣ್ಣು ಮಂಜಾಯಿತು. ತೀರಾ ಕೆಳಗಿನ ಸ್ವರಕ್ಕೆ ಕಾಲಿಟ್ಟೆ. ಅದು ದಪ್ಪಗೆ, ಕಪ್ಪಗೆ ನಿಂತಿತು. ನಿಲ್ಲಿಸಿಕೊಂಡೆ. ಇನ್ನೂ ನಿಲ್ಲಿಸಿಕೊಂಡೆ.

ಆಗ ಯಾರೋ ಹಾ ಎಂದು ಜೋರಾಗಿ ಉಸಿರು ಎಳೆದುಕೊಂಡ ಸದ್ದು ಕೇಳಿತು. ಸೋತೆ ಎಂದುಕೊಂಡೆ. ಆದರೆ ಸ್ವರ ನನ್ನ ತುಟಿಯಲ್ಲಿ ಇನ್ನೂ ಇತ್ತು. ಅದು ಮುಗಿಯುವ ತನಕ ಊದಿ, ಫ್ಲೂಟ್ ಇಳಿಸಿ ತಿರುಗಿದೆ.

ಇವರು ಗೋಡೆಗೆ ಕೈಯೂರಿ ಏದುಸಿರು ಬಿಡುತ್ತಿದ್ದರು. ಮುಖ ಕೆಂಪು ಕೆಂಪು. ಹುಡುಗಿ ಗಾಬರಿಯಾಗಿ ಕುರ್ಚಿ ಎಳೆದಳು.

"ಎಂತ ಆಯಿತು ನಿಮಗೆ?" ಎಂದು ಕೇಳಿದೆ.

"ನಿನ್ನೊಟ್ಟಿಗೆ ನಾನೂ ಉಸಿರು ಹಿಡಿದೆ. ಆಗಲಿಲ್ಲ. ಮತ್ತೊಮ್ಮೆ ಎಳೆದು ಹಿಡಿದೆ, ಅದೂ ಮುಗಿಯಿತು. ನೀನು ಇನ್ನೂ ಊದುತ್ತಾ ಇದ್ದಿ ಮಾರಾಯ್ತಿ" ಎಂದರು ಇವರು, ಕುರ್ಚಿಯಲ್ಲಿ ಕುಸಿಯುತ್ತಾ. ಸ್ವಲ್ಪ ಸುಧಾರಿಸಿಕೊಂಡು, ನೆಲ ನೋಡುತ್ತಾ ಮುಂದುವರಿಸಿದರು. "ಆಸ್ಪತ್ರೆಯಲ್ಲೂ ಹಿಡಿಯುತ್ತಿದ್ದೆ. ಆ ಮಾಸ್ಕಿನೊಳಗೆ ನೀನು ಒಂದು ಉಸಿರು ಬಿಟ್ಟು ಇನ್ನೊಂದು ಎಳೆಯುವ ತನಕ ನಾನು ಎಳೆಯುತ್ತಿರಲಿಲ್ಲ. ನೀನು ಎಳೆಯದಿದ್ದರೆ ನನಗೂ ಬೇಡ ಎಂದು."

ಬೈಯಬೇಕೆಂದು ನನ್ನ ಬಾಯಿಯ ತುದಿಯಲ್ಲಿ ಎಷ್ಟೋ ಮಾತುಗಳಿದ್ದವು, ಆಚಾರಿಯ ಬಗ್ಗೆ, ನೊರೆನೀರಿನ ಬಗ್ಗೆ, ತಟ್ಟೆ ನೋಡುತ್ತಾ ಉಂಡ ಆ ದಿನಗಳ ಬಗ್ಗೆ. ಒಂದೂ ಬರಲಿಲ್ಲ. ಫ್ಲೂಟನ್ನು ಹುಡುಗಿಯ ಕೈಗೆ ಕೊಟ್ಟು, ಇವರ ಪಕ್ಕ ನೆಲದ ಮೇಲೆಯೇ ಕೂತು, ಎದೆ ಬಿರಿಯುವ ಹಾಗೆ ಅತ್ತೆ.